ಎಡಗಡೆಯ ಸೀಟು

ಬುಧವಾರ ನಾಲ್ಕಕ್ಕೆ ಸಭೆ.
ನವನಗರದ ಈ ಆಸ್ಪತ್ರೆಯಲ್ಲಿ, ಹಾಸಿಗೆ ಬಟ್ಟೆಯ ಕೋಣೆಯ ಪಕ್ಕ,
ಕುಂಟುವ ಒಂದು ಮೇಜು, ಆರು ಕುರ್ಚಿ.
ಐದರಲ್ಲಿ ನಾವು:
ನಡೆಯಲು ಕಲಿಸುವ ನಾನು, ಮಾತು ಕಲಿಸುವ ಸುಮಿತ್ರಾ,
ಕೈಗೆ ಕೆಲಸ ಹಚ್ಚುವ ದಾನೇಶ, ಸಿಸ್ಟರ್ ಎಸ್ತರ್,
ಮನೆಯವರ ಅಳು ಕೇಳುವ ಗೌರಕ್ಕ.
ಆರನೆಯದು ಡಾಕ್ಟರದು.
ಅದರಲ್ಲಿ ಫೈಲುಗಳು ಕೂರುತ್ತಿದ್ದವು.

ಮುಚಖಂಡಿ ಡಾಕ್ಟರು ಕೆಟ್ಟವರಲ್ಲ.
ಬೆಳಗ್ಗೆ ಓಪಿಡಿ, ಸಂಜೆ ಮುಧೋಳದ ಕ್ಲಿನಿಕ್ಕು;
ನಡುವೆ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತು
"ಎಲ್ಲಾ ಬರೋಬರಿ ಐತೇನ್ರಿ?" ಎನ್ನುವರು.
"ಹೌದ್ರಿ ಸರ್."
ಹೇಳಬೇಕೆಂದದ್ದು ನಾಲಿಗೆಗೆ ಬರುವಷ್ಟರಲ್ಲಿ
ಕೆಳಗೆ ಕಾರು ತಿರುಗುವ ಸದ್ದು.
ಮರುದಿನ ರಿಜಿಸ್ಟರಿನಲ್ಲಿ ಸಹಿ. ಹಸಿರು ಮಸಿ, ಚೆಂದದ ಸುರುಳಿ.

ಎಂಟನೇ ಬೆಡ್ಡು: ಈರಸಂಗಪ್ಪ ಕಂಕಣವಾಡಿ,
ಜಮಖಂಡಿ ರೂಟಿನ ಕಂಡಕ್ಟರು, ಐವತ್ತಮೂರು.
ಮೆದುಳಿನ ಬಲಕ್ಕೆ ಹೊಡೆತ, ಎಡಮೈ ಹೋಗಿದೆ.
ನಾನು ಬರೆದೆ: ಹತ್ತು ಹೆಜ್ಜೆ, ಆಸರೆಯೊಂದಿಗೆ.
ದಾನೇಶ ಬರೆದ: ಅಂಗಿ ಅರ್ಧ ತೊಟ್ಟು ಸಾಕೆನ್ನುತ್ತಾನೆ.
ಸಿಸ್ಟರ್ ಬರೆದಳು: ಊಟ ಕಡಿಮೆ.
ಡಾಕ್ಟರು ಬರೆದರು: ಹಸಿವಿಗೆ ಟಾನಿಕ್ಕು, ಎರಡು ಚಮಚ;
ಮನಸ್ಸಿಗೆ ಮಾತ್ರೆ, ರಾತ್ರಿ ಒಂದು.
ಹಾಳೆ ಒಂದೇ, ಪೆನ್ನು ಬೇರೆ.
ಯಾರದನ್ನು ಯಾರೂ ಓದಿರಲಿಲ್ಲ.

ಆ ಬುಧವಾರ ಕಬ್ಬಿನ ಟ್ರ್ಯಾಕ್ಟರು ಮಗುಚಿ
ಮುಧೋಳದ ದಾರಿ ಬಂದ್.
ಹೋಗಲು ಎಲ್ಲೂ ಇಲ್ಲದೆ ಡಾಕ್ಟರು
ಫೈಲುಗಳನ್ನೆತ್ತಿ ನೆಲಕ್ಕಿಟ್ಟು ಕೂತರು.
ಅಷ್ಟೇ. ಕೂತರು.
ಅವರ ಕಣ್ಣ ಕೆಳಗಿನ ಕಪ್ಪು ನನಗೆ ಕಂಡದ್ದು ಅವತ್ತೇ.
"ಎಂಟನೇ ಬೆಡ್ಡು ಯಾಕ ಉಣವಲ್ದು?"
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಚಹಾದ ಕಪ್ಪು ಒಯ್ಯಲು ಬಂದ ಆಯಾ ರಸೂಲಬಿ
ಕಪ್ಪು ಎತ್ತದೆ ಅಂದಳು:
"ಉಣ್ತಾನ್ರಿ ಸಾಹೇಬ್ರ. ಬಲಕಿನ ಅರ್ಧಾ ರೊಟ್ಟಿ ಉಣ್ತಾನ,
ಎಡಕಿಂದು ಹಂಗ ಬಿಡ್ತಾನ.
ತಾಟ ತಿರುವಿ ಇಟ್ರ ಅದನೂ ಉಣ್ತಾನ.
ಹದಿನೈದು ದಿನಾ ಆತು, ನಾನ ತಿರುವಾಕತ್ತೇನಿ."

ಹಸಿರು ಪೆನ್ನು ನಿಂತಿತು.
ದಾನೇಶ ಮೆಲ್ಲಗೆ: ಅಂಗಿಯ ಎಡತೋಳು...
ನಾನು: ಬಾಗಿಲಿಗೆ ಬಡಿಯುವುದು ಯಾವಾಗಲೂ ಎಡಭುಜ.
ಸುಮಿತ್ರಾ: ಬಾಗಲಕೋಟೆ ಎಂದು ಬರೆದು ತೋರಿಸಿದರೆ
ಕೋಟೆ ಎಂದು ಓದುತ್ತಾನೆ.
ಗೌರಕ್ಕ: ಹೆಂಡತಿ ಎಡಕ್ಕೆ ಕೂತು ಅಳುತ್ತಾಳೆ,
ನನ್ನ ಕಡೆ ನೋಡವಲ್ರು ಅಂತ.

ಈ ಊರಿಗೆ ಇದು ಬೇಗ ತಿಳಿಯಬೇಕಿತ್ತು.
ಹಿನ್ನೀರು ಹಳೇ ಪೇಟೆಯ ಓಣಿಗಳನ್ನು ಒಯ್ದರೂ
ಅವುಗಳ ಹೆಸರು ನಮ್ಮ ಬಾಯಲ್ಲಿವೆ.
ಅವನಿಗೆ ಹೆಸರೂ ಉಳಿದಿಲ್ಲ, ನೀರೂ ಕಾಣುವುದಿಲ್ಲ.
ದಂಡೆಗೇ ಲೋಕ ಮುಗಿದಿದೆ.

ಡಾಕ್ಟರು ಟಾನಿಕ್ಕಿಗೆ ಗೆರೆ ಎಳೆದರು. ಮಾತ್ರೆಗೂ.
"ಇದು ನಾ ನೋಡಬೇಕಾಗಿತ್ತು."
ಫ್ಯಾನಿನ ಗದ್ದಲದಲ್ಲಿ ಎಲ್ಲರಿಗೂ ಕೇಳಿತೋ ಇಲ್ಲವೋ.
"ರಸೂಲಬಿ, ಕುಂಡ್ರು."
ಏಳನೇ ಕುರ್ಚಿ ಇರಲಿಲ್ಲ.
ಬಟ್ಟೆಯ ಕೋಣೆಯಿಂದ ಸ್ಟೂಲು ತಂದೆವು.

ತಾಟಿನ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದೆವು.
ಅಲ್ಲೇ ಕೂತು ಕೈ ಹಿಡಿದು ಕರೀರಿ ಎಂದೆವು ಹೆಂಡತಿಗೆ.
ಮುಂದಿನ ಬುಧವಾರ ಡಾಕ್ಟರು ನಾಲ್ಕೂ ಇಪ್ಪತ್ತಕ್ಕೆ ಬಂದರು.
ಅದರ ಮುಂದಿನದಕ್ಕೆ ಬರಲೇ ಇಲ್ಲ, ಫೋನು ಮಾಡಿದರು.
ಫೈಲುಗಳು ಮಾತ್ರ ಇನ್ನೂ ನೆಲದ ಮೇಲೆ.

ನಿನ್ನೆ ವರಾಂಡದಲ್ಲಿ ಎರಡು ಸಾಲು ಕುರ್ಚಿ ಹಾಕಿದೆ.
ನಡುವೆ ಈರಸಂಗಪ್ಪ, ಕೊರಳಲ್ಲಿ ಚರ್ಮದ ಚೀಲ,
ಸೊಂಟದ ಪಟ್ಟಿ ನನ್ನ ಮುಷ್ಟಿಯಲ್ಲಿ.
ಬಲಸಾಲಿಗೆಲ್ಲ ಟಿಕೀಟು ಹರಿದು ಕೊಟ್ಟು
"ರೈಟ್, ರೈಟ್" ಎಂದ.
ಎಡಸಾಲಿನಿಂದ ಒಂದು ದನಿ:
"ಕಂಡಕ್ಟರ್, ಒಂದು ಮುಧೋಳ."
ಅವನು ನಿಂತ. ತುಕ್ಕು ಹಿಡಿದ ನಲ್ಲಿಯ ಹಾಗೆ
ಕುತ್ತಿಗೆ ತಿರುಗತೊಡಗಿತು, ತಡೆಯಿತು, ಇನ್ನಷ್ಟು ತಿರುಗಿತು,
ಬಿಳಿ ಕೋಟಿನವರೆಗೂ ಬಂತು.
"ಈ ಗಾಡಿ ಬೀಳಗಿ ಮ್ಯಾಲೆ ಹೋಗತೈತ್ರಿ.
ಮುಧೋಳಕಲ್ಲ. ಇಳೀರಿ."